ಎಲ್ಲ ಬಗೇಯ ಬತ್ತಿ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಆರಿಸಿ ಬನ್ನಿ, ನಾನು ಕಾಯುತ್ತೇನೆ. ಬಂದಿರಾ? ಸರಿ.

ಬೆಳಿಗ್ಗೆ ಹನ್ನೊಂದು ಗಂಟೆ. ನರ್ಸಿಂಗ್ ಹೋಮಿನ ಸ್ಟೋರ್ ರೂಮು. ನಾನು ಒಂದು ಸ್ಟೂಲ್ ಹತ್ತಿ ನಿಂತಿದ್ದೇನೆ. ಕೆಳಗೆ ಸ್ಟೋರ್ ಕೀಪರ್ ಅಣ್ಣ ಸ್ಟೂಲಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ಏಕೆಂದರೆ ಅದರ ನಾಲ್ಕು ಕಾಲುಗಳಲ್ಲಿ ಮೂರು ಮಾತ್ರ ನೆಲಕ್ಕೆ ತಾಗುತ್ತವೆ.

"ಮೇಲಿನ ಸಾಲು, ಎಡಗಡೆ. ಗ್ಲೌಸ್ ಡಬ್ಬದ ಹಿಂದೆ ನೋಡಮ್ಮ. ಉಳಿದಿರೋದು ಅದೊಂದೇ ಪ್ಯಾಕೆಟ್ಟು. ಬೇರೆಯದೆಲ್ಲ ಇನ್‌ಸ್ಪೆಕ್ಟರ್ ತಗೊಂಡು ಹೋದ್ರು."

"ಇದನ್ನ ಯಾಕೆ ಬಿಟ್ರು?"

"ಸ್ಟೂಲ್ ಹತ್ತೋಕೆ ಹೆದರಿದ್ರು."

ಹಿಂದಿನ ವಾರಗಳದ್ದು ಒಂದೇ ಸಾಲಿನಲ್ಲಿ ಹೇಳುತ್ತೇನೆ: ಇಲ್ಲಿ ಒಬ್ಬ ದರ್ಜಿಯ ಕಾಲಿನ ಗಾಯದೊಳಗೆ ಇಟ್ಟ ಬತ್ತಿಯಿಂದ ಮಾಂಸವೇ ಸುಟ್ಟು, ಆತ ಈಗ ದೊಡ್ಡಾಸ್ಪತ್ರೆಯಲ್ಲಿ ಕಾಲು ಉಳಿಯುತ್ತದೋ ಇಲ್ಲವೋ ಎಂದು ಮಲಗಿದ್ದಾನೆ, ಆ ಬತ್ತಿಯ ಪ್ಯಾಕೆಟ್ಟಿನ ಮೇಲೆ ನನ್ನ ಚಿಕ್ಕಮ್ಮನ ಕಾರ್ಖಾನೆಯ 'ಮೂರು ಗಂಟು' ಗುರುತಿದೆ.

ನನ್ನ ಚಿಕ್ಕಮ್ಮ ಮಾಡುವುದು ಉರಿಸುವ ಬತ್ತಿ. ಸೀಮೆಎಣ್ಣೆ ಸ್ಟೋವಿಗೆ ದುಂಡನೆಯದು, ಲಾಟೀನಿಗೆ ಪಟ್ಟಿಯಂಥದ್ದು. ಕೀವು ಹೀರಲೆಂದು ಗಾಯಕ್ಕೆ ಇಡುವ ಬತ್ತಿಯನ್ನು ಅವಳು ಕಣ್ಣಿನಿಂದಲೂ ನೋಡಿದವಳಲ್ಲ. ಅಂದಮೇಲೆ ಯಾರೋ ನಮ್ಮ ಗುರುತನ್ನು ಕದ್ದಿದ್ದಾರೆ. ನಕಲಿಗಾರ. ನಾಲ್ಕು ವಾರದಿಂದ ನಾನು ಅವನ ಹಿಂದೆ ಬಿದ್ದಿದ್ದೆ. ಕನಸಿನಲ್ಲಿ ಅವನಿಗೆ ಮೀಸೆ ಕೂಡ ಅಂಟಿಸಿದ್ದೆ.

ಪ್ಯಾಕೆಟ್ಟು ಕೈಗೆ ಸಿಕ್ಕಿತು. ತೆಳು ಪ್ಲಾಸ್ಟಿಕ್ ಕವರು. ಇನ್‌ಸ್ಪೆಕ್ಟರ್ ನನಗೆ ತೋರಿಸಿದ್ದು ಬರೀ ಮಸುಕು ಫೋಟೋ, ಅದೂ ಮುಂಭಾಗದ್ದು. ಈಗ ನಿಜವಾದದ್ದೇ ಅಂಗೈಯಲ್ಲಿದೆ. ನಾನು ಸ್ಟೂಲಿನ ಮೇಲೆಯೇ ಕುಣಿಯುವುದೊಂದು ಬಾಕಿ.

"ಅಣ್ಣಾ, ಸಿಕ್ಕಿಬಿದ್ದ! ನೋಡಿ ಇಲ್ಲಿ, ಏನು ಬರ್ದಿದೆ ಓದಿ."

"ಎಲ್ಲ ಬಗೆಯ ಬತ್ತಿ."

"ಸರಿಯಾಗಿ ಓದಿ."

ಅವರು ಕನ್ನಡಕ ಹಣೆಗೇರಿಸಿ ಕಣ್ಣು ಕಿರಿದು ಮಾಡಿದರು. "ಎಲ್ಲ... ಬಗೇಯ ಬತ್ತಿ. ಗೇ. ದೀರ್ಘ ಹಾಕಿದಾರೆ."

"ಅದೇ! ನಕಲಿ ಮಾಲು ಮಾಡೋರಿಗೆ ಕಾಗುಣಿತ ಬರಲ್ಲ. ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ನಮ್ಮ ಚಿಕ್ಕಮ್ಮನ ಡಬ್ಬ ಹಳದಿ ರಟ್ಟಿಂದು, ಅದ್ರ ಮೇಲೆ ಇಂಥ ಸಾಲೇ ಇಲ್ಲ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಸ್ಟೋರ್ ಕೀಪರ್ ಅಣ್ಣನ ತಂಗಿ. ಅದೇ ನರ್ಸಿಂಗ್ ಹೋಮಿನಲ್ಲಿ ಗಾಯ ಕಟ್ಟುವ ನರ್ಸು. ದರ್ಜಿಯ ಗಾಯಕ್ಕೆ ಬತ್ತಿ ಇಟ್ಟಿದ್ದು ಇವರ ಕೈಯೇ. ನಾಲ್ಕು ವಾರದಿಂದ ಡ್ಯೂಟಿ ಕೊಟ್ಟಿಲ್ಲ, ಆದರೂ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಾರಂತೆ.

"ನಾನು ಇಪ್ಪತ್ತು ನಿಮಿಷ ಸ್ಟೀಮಲ್ಲಿ ಇಟ್ಟಿದ್ದೆ," ಎಂದರು. ನಾನು ಕೇಳಿರಲಿಲ್ಲ. "ರೂಲ್ಸ್ ಪ್ರಕಾರ. ಒಂದು ನಿಮಿಷ ಕಮ್ಮಿ ಇಲ್ಲ."

"ಹೋಗಿ ಟೀ ಕುಡಿ ಹೋಗು," ಎಂದರು ಅಣ್ಣ, ಮೆಲ್ಲಗೆ.

ಆಕೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತೇ ಇದ್ದರು.

ನಾನು ಕೆಳಗಿಳಿದು ಕವರಿನ ಬಾಯಿ ಬಿಚ್ಚಿದೆ. ಒಳಗೆ ಸುತ್ತಿಟ್ಟ ಹತ್ತಿಯ ಪಟ್ಟಿ, ಅರ್ಧ ಇಂಚಿನ ಅಗಲ, ಬಿಳಿ. ಪ್ರತಿ ಸುತ್ತಿಗೂ ಕೆಂಪು ದಾರ, ಮೂರು ಗಂಟು.

ಗಂಟು ನೋಡಿದೆ. ದಾರದ ಬಾಲ ಎಡಕ್ಕೆ ಬಿದ್ದಿತ್ತು.

ಇನ್ನೊಂದು ಸುತ್ತು ತೆಗೆದೆ. ಎಡಕ್ಕೆ. ಮತ್ತೊಂದು. ಎಡಕ್ಕೇ.

ಚಿಕ್ಕಮ್ಮ ಎಡಚಿ. ಕಾರ್ಖಾನೆಯಲ್ಲಿ ಬೇರೆ ಯಾರು ಗಂಟು ಹಾಕಿದರೂ ಬಾಲ ಬಲಕ್ಕೆ ಬೀಳುತ್ತದೆ. ಅವಳದು ಮಾತ್ರ ಎಡಕ್ಕೆ. ಚಿಕ್ಕವಳಿದ್ದಾಗ ನನ್ನ ಜಡೆಯ ರಿಬ್ಬನ್ನನ್ನೂ ಅವಳು ಹಾಗೇ ಕಟ್ಟುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು.

'ನಕಲಿಗಾರನೂ ಎಡಚ ಇರಬಹುದು' ಎಂದುಕೊಂಡೆ. ಇರಬಾರದೆಂದು ಕಾನೂನೇನಿಲ್ಲ.

"ಅಣ್ಣಾ, ಇದನ್ನ ನೀವು ಎಲ್ಲಿಂದ ತಂದಿದ್ದು? ಇನ್‌ಸ್ಪೆಕ್ಟರ್ ಹತ್ರ ಅಂಗಡಿಯಿಂದ ಅಂದ್ರಂತೆ."

"ನಾನು ಪೂರ್ತಿ ಹೇಳ್ದೆ. ಅವರು 'ಅಂಗಡಿಯಿಂದ ಖರೀದಿ' ಅಂತ ಒಂದು ಸಾಲು ಬರ್ಕೊಂಡು ಪೆನ್ನು ಮುಚ್ಚಿದ್ರು." ಅವರು ಸ್ಟೂಲಿನ ಮೇಲೆ ಕೂತರು. ಅದು ಅಲುಗಾಡಿತು, ಅವರು ಅಲುಗಾಡಲಿಲ್ಲ. "ನಮಗೆ ಬತ್ತಿ ಕಳಿಸೋ ಕಂಪನಿಯವರ ಮಾಲು ಬರೋದು ತಡ ಆಯ್ತು. ಮನೆ ಸ್ಟೋವ್ ರಿಪೇರಿಗೆ ಹೋಗಿದ್ದೆ, ಆ ಅಂಗಡೀಲಿ ಇಂಥದೊಂದು ಖಾಲಿ ಕವರ್ ಕಂಡೆ. ಎಲ್ಲ ಬಗೆಯ ಬತ್ತಿ ಅಂತ ಇತ್ತು. ಹಿಂದೆ ಫೋನ್ ನಂಬರೂ ಇತ್ತು. ಮಾಡಿದೆ."

ಕವರನ್ನು ತಿರುಗಿಸಿದೆ. ಕಾರ್ಖಾನೆಯ ನಂಬರು.

ನೀವೇ ಯೋಚಿಸಿ. ನಕಲಿಗಾರ ಗುರುತು ಕದಿಯಬಹುದು, ಗಂಟು ಕದಿಯಬಹುದು, ನಂಬರನ್ನೂ ಕದಿಯಬಹುದು. ಆದರೆ ಕದ್ದ ನಂಬರಿಗೆ ಫೋನ್ ಮಾಡಿದರೆ ಎತ್ತುವುದು ಕಳ್ಳನಲ್ಲ. ಅಸಲಿಯವರೇ ಎತ್ತುತ್ತಾರೆ.

"ಯಾರು ಎತ್ತಿದ್ರು?" ಎಂದೆ.

"ಒಬ್ರು ಹೆಂಗಸು. ವಿಚಿತ್ರ ಏನು ಗೊತ್ತಾ, ಹಲೋ ಅನ್ನಲಿಲ್ಲ. ಎತ್ತಿದ ತಕ್ಷಣ 'ಬತ್ತಿ' ಅಂದ್ರು."

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಫೋನೆತ್ತಿ ಹಲೋ ಎಂದವಳಲ್ಲ. ನಾವೆಲ್ಲ ಸೇರಿ ಅವಳನ್ನು ಆಡಿಕೊಳ್ಳುವುದು ಅದಕ್ಕೇ.

"ಅಣ್ಣಾ," ಎಂದೆ, "ಈ ಪ್ಯಾಕೆಟ್ಟು ನಾನು ತಗೊಂಡು ಹೋಗ್ಲಾ?"

"ತಗೋ. ಕಳ್ಳ ಸಿಕ್ಕಿದ್ರೆ ನಮಗೂ ಒಂದು ಮಾತು ತಿಳಿಸು." ಅವರು ಬಾಗಿಲ ಕಡೆ ನೋಡಿದರು. "ಇವಳು ರಾತ್ರಿ ನಿದ್ದೆ ಮಾಡಿ ತಿಂಗಳಾಯ್ತು."

ಬ್ಯಾಗಿಗೆ ಹಾಕಿಕೊಂಡು ಹೊರಬಿದ್ದೆ. ಅದೇ ಬ್ಯಾಗಿನಲ್ಲಿ ಟ್ರೇಡ್‌ಮಾರ್ಕ್ ಕಚೇರಿಯಿಂದ ಬಂದ ಪತ್ರವೂ ಇತ್ತು. ನಾನು ಕೆಲಸ ಮಾಡುವುದು ಒಬ್ಬ ಟ್ರೇಡ್‌ಮಾರ್ಕ್ ವಕೀಲರ ಬಳಿ, ಅವರ ಕೈಕೆಳಗಿನ ಜೂನಿಯರ್ ಆಗಿ. ಚಿಕ್ಕಮ್ಮನ ಗುರುತಿನ ಅರ್ಜಿಯೂ ನಮ್ಮಲ್ಲಿಂದಲೇ ಹೋಗಿದ್ದು. ಪತ್ರದಲ್ಲಿ ಎರಡೇ ಪ್ರಶ್ನೆ.

ಒಂದು: 'ಅರ್ಜಿಯಲ್ಲಿ ಸರಕಿನ ವಿವರಣೆ ಎಲ್ಲ ಬಗೆಯ ಬತ್ತಿ ಎಂದಿದೆ. ಇದು ಅಸ್ಪಷ್ಟ. ಸ್ಟೋವಿನದೇ, ದೀಪದ್ದೇ, ಮೇಣದ್ದೇ, ಸುಗಂಧದ್ದೇ, ಗಾಯಕ್ಕೆ ಇಡುವುದೇ ಎಂಬುದನ್ನು ಸ್ಪಷ್ಟಪಡಿಸಿ.'

ಎರಡು: 'ಸದರಿ ವಿವರಣೆಯನ್ನು ಅರ್ಜಿದಾರರು ತಮ್ಮ ಹೊದಿಕೆಗಳ (ಕವರುಗಳ) ಮೇಲೆ ಬಳಸಿದ್ದಾರೆಯೇ? ಹೌದು ಅಥವಾ ಇಲ್ಲ ಎಂದು ತಿಳಿಸಿ.'

ಉತ್ತರ ಇವತ್ತು ಸಂಜೆ ಐದರೊಳಗೆ ಆ ಕಚೇರಿಯ ಕೌಂಟರಿಗೆ ತಲುಪಬೇಕು. ಇನ್‌ಸ್ಪೆಕ್ಟರೂ ಅದಕ್ಕೇ ಕಾಯುತ್ತಿದ್ದರು. ಮೊನ್ನೆ ಹೇಳಿದ್ದರು: "ನಿಮ್ಮ ಚಿಕ್ಕಮ್ಮ ನಮ್ಮದಲ್ಲ ಅಂತಾರೆ. ನೀವು ಅವರಿಗೆ ಯಾರೋ ಬತ್ತಿ ಇಟ್ಟಿದಾರೆ ಅಂತೀರಿ. ಬಾಯಿಮಾತು ಬೇಡಮ್ಮ. ಸರ್ಕಾರಿ ಕಚೇರಿಗೆ ಏನು ಬರ್ದು ಕೊಡ್ತೀರೋ ಅದರ ಒಂದು ಪ್ರತಿ ನನಗೂ ಕೊಡಿ. ಕೋರ್ಟು ನಂಬೋದು ಅದನ್ನೇ. ಕವರ್ ಅವರದು ಅಂತಾದ್ರೆ ಅವರನ್ನ ಕರ್ಕೊಂಡು ಹೋಗಬೇಕಾಗುತ್ತೆ."

ಮೊನ್ನೆ ನನಗೆ ಅದು ಸುಲಭವೆನಿಸಿತ್ತು: ಆ ಸಾಲು ಇದ್ದದ್ದು ಅರ್ಜಿಯಲ್ಲಿ ಮಾತ್ರ, ಚಿಕ್ಕಮ್ಮನ ಹಳದಿ ಡಬ್ಬದ ಮೇಲೆ ಇರಲಿಲ್ಲ. ಎರಡನೇ ಪ್ರಶ್ನೆಗೆ 'ಇಲ್ಲ' ಎಂದು ಬರೆಯಲು ಮೂರು ಸೆಕೆಂಡು ಸಾಕು.

* * *

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಶೆಡ್ಡು, ಹೆಣೆಯುವ ಮೆಷಿನ್ನುಗಳು ಆರು, ಪಟ್ಟಿ ನೇಯುವವು ಎರಡು. ಮಧ್ಯಾಹ್ನ ಒಂದು ಗಂಟೆಗೆ ಮೆಷಿನ್ನುಗಳೆಲ್ಲ ನಿಂತು, ಕೆಲಸದ ಹೆಂಗಸರು ಹೊರಗೆ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಹತ್ತಿಯ ಧೂಳು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು.

ಚಿಕ್ಕಮ್ಮ ಹಿಂದಿನ ತೊಟ್ಟಿಯ ಬಳಿ ಇದ್ದಳು. ಮೊಣಕೈವರೆಗೆ ರಬ್ಬರ್ ಗ್ಲೌಸು, ತಲೆಗೆ ಟವೆಲ್ಲು. ತೊಟ್ಟಿಯಲ್ಲಿ ಹುಳಿನೀರು. ಹಾಗೆ ಕರೆಯುವುದು ಅವರೇ. ನಿಜವಾಗಿ ಅದು ಕೆಮಿಕಲ್ಲು. ಬತ್ತಿ ಸರ್ರನೆ ಸುಟ್ಟು ಹೋಗದೆ ನಿಧಾನಕ್ಕೆ ಉರಿಯಲಿ ಎಂದು ಅದರಲ್ಲಿ ನೆನೆಸಿ ಒಣಗಿಸುತ್ತಾರೆ.

"ಬಂದ್ಯಾ ಚಟಪಟ! ಊಟ ಆಯ್ತಾ?"

ನಾನು ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲವೆಂದು ಮನೆಯಲ್ಲೂ ಆಫೀಸಿನಲ್ಲೂ ನನಗೆ ಅದೇ ಹೆಸರು.

ಪ್ಯಾಕೆಟ್ಟು ತೆಗೆದು ತೊಟ್ಟಿಯ ಅಂಚಿನ ಮೇಲಿಟ್ಟೆ.

ಚಿಕ್ಕಮ್ಮ ಅದನ್ನು ನೋಡಿದಳು. ಗ್ಲೌಸು ತೆಗೆದಳು. ಒಂದು ತೆಗೆದಳು, ಇನ್ನೊಂದು ತೆಗೆದಳು, ಎರಡನ್ನೂ ಕೊಡವಿ ಗೂಟಕ್ಕೆ ನೇತು ಹಾಕಿದಳು. ಇಷ್ಟೂ ಹೊತ್ತು ನನ್ನ ಮುಖ ನೋಡಲಿಲ್ಲ.

"ನಮ್ಮದಲ್ಲ ಅಂತ ಅವತ್ತೇ ಹೇಳಿದ್ನಲ್ಲ."

"ಗಂಟಿನ ಬಾಲ ನೋಡು ಚಿಕ್ಕಮ್ಮ."

"ಯಾರು ಬೇಕಾದ್ರೂ ಹಾಕ್ತಾರೆ ಗಂಟು."

"ಫೋನೆತ್ತಿ 'ಬತ್ತಿ' ಅನ್ನೋರು ಎಷ್ಟು ಜನ ಇದಾರೆ ಹೇಳು?"

ಅವಳು ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡಳು. ಒರೆಸಿಕೊಂಡೇ ಇದ್ದಳು.

"ಚಿಕ್ಕಮ್ಮಾ."

"ಹೆದರಿಕೆ ಆಯ್ತು ಕಣೇ," ಎಂದಳು ಟವೆಲ್ಲಿನೊಳಗಿಂದಲೇ. "ಆ ಇನ್‌ಸ್ಪೆಕ್ಟರು ಬಂದು ಫೋಟೋ ಹಿಡಿದು ಇದು ನಿಮ್ಮದಾ ಅಂದ. ಹಿಂದೆ ಇಬ್ರು ಪೊಲೀಸ್ರು. ಕೆಲಸದೋರೆಲ್ಲ ನೋಡ್ತಿದಾರೆ. ಬಾಯಿಂದ 'ಅಲ್ಲ' ಅಂತ ಬಂದ್ಬಿಡ್ತು. ಒಂದು ಸಲ ಅಲ್ಲ ಅಂದ್ಮೇಲೆ ಹೌದು ಅನ್ನೋದು ಹೆಂಗೆ? ಆಮೇಲೆ ನೀನು ಬಂದೆ. ಚಿಕ್ಕಮ್ಮಾ ನಾನಿದೀನಿ, ಕಳ್ಳನ್ನ ಹಿಡೀತೀನಿ ಅಂತ ನೋಟ್‌ಬುಕ್ಕು ತೆಗೆದು ಕೂತೆ. ನಿನ್ನ ಮುಖ ನೋಡಿ ಹೇಳೋಕೆ ಬಾಯೇ ಬರಲಿಲ್ಲ."

"ನಾಲ್ಕು ವಾರ! ನಾಲ್ಕು ವಾರ ನನ್ನನ್ನ ಬೀದಿ ಬೀದಿ ಅಲೆಸಿದೆಯಲ್ಲ!"

"ಬೈಯಿ. ಬೈದ್ಬಿಡು."

ನನಗೆ ಬೈಯಲು ಬರಲಿಲ್ಲ. ಅವಳ ಬೆರಳ ತುದಿಗಳೆಲ್ಲ ಹುಳಿನೀರಿಗೆ ಬೆಳ್ಳಗಾಗಿ ಸಿಪ್ಪೆ ಎದ್ದಿದ್ದವು. ಗ್ಲೌಸು ಹಾಕಿಯೂ ಹೀಗೆ. ಅದೇ ನೀರು ಒಬ್ಬ ದರ್ಜಿಯ ಹಸಿ ಗಾಯದೊಳಗೆ ಎರಡು ದಿನ ಇತ್ತು. ಸ್ಟೀಮಿನಲ್ಲಿ ಹುಳ ಸಾಯುತ್ತದೆ, ಕೆಮಿಕಲ್ಲು ಸಾಯುವುದಿಲ್ಲ.

"ಫೋನಲ್ಲಿ ಅವರು ಏನಂದ್ರು? ಒಂದಕ್ಷರ ಬಿಡದೆ ಹೇಳು."

"ನಾನು ಬತ್ತಿ ಅಂದೆ. ಅವರು 'ಸ್ಟೋರಿಂದ ಮಾತಾಡ್ತಿರೋದು' ಅಂದ್ರು. ನಾನು ಯಾವುದೋ ಅಂಗಡಿ ಅಂದ್ಕೊಂಡೆ. 'ಪಟ್ಟಿ ಬತ್ತಿ ಬೇಕು, ಅರ್ಧ ಇಂಚು' ಅಂದ್ರು. ಅರ್ಧ ಇಂಚು ಅಂದ್ರೆ ಸಣ್ಣ ಲಾಟೀನಿಂದು. ಇದೆ ಅಂದೆ. 'ಮೆತ್ತಗಿರಲಿ' ಅಂದ್ರು. ಹೊಸ ನಮೂನೆ ಲಾಟೀನು ಬಂದಿರಬೇಕು ಅಂತ ಗಂಜಿ ಹಾಕದೇ ಇರೋದು ಕೊಟ್ಟೆ. 'ಕ್ಲೀನಾಗಿರಲಿ' ಅಂದ್ರು. ಅದಕ್ಕೇ ರಟ್ಟಿನ ಡಬ್ಬ ಬಿಟ್ಟು ಹೊಸ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ನಾನೇ ಕೂತು ಗಂಟು ಕಟ್ಟಿದೆ. ಸ್ಟೋವ್ ರಿಪೇರಿ ಅಂಗಡೀಲಿ ಇಟ್ಟಿರಿ ತಗೋತೀನಿ ಅಂದ್ರು, ಇಟ್ಟೆ." ಅವಳು ಟವೆಲ್ಲು ಕೆಳಗಿಳಿಸಿದಳು. ಕಣ್ಣು ಕೆಂಪಾಗಿತ್ತು. "ಅದರಲ್ಲಿ ಗಾಯ ಅನ್ನೋ ಮಾತು ಎಲ್ಲಿ ಬಂತು ಹೇಳು? ಒಂದು ಸಲ ಗಾಯ ಅಂದಿದ್ರೆ ಸಾಕಿತ್ತು. ಒಂದೇ ಒಂದು ಸಲ."

ಆ ಕಡೆ ಸ್ಟೋರ್ ಕೀಪರ್ ಅಣ್ಣನಿಗೆ ಬತ್ತಿ ಎಂದರೆ ಗಾಯದ್ದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬೇರೆ ಬತ್ತಿಯ ಮಾತೇ ಬಂದಿಲ್ಲ. ಈ ಕಡೆ ಚಿಕ್ಕಮ್ಮನಿಗೆ ಬತ್ತಿ ಎಂದರೆ ಉರಿಯುವುದು. ಇಬ್ಬರೂ ಎರಡು ನಿಮಿಷ ಮಾತಾಡಿದ್ದಾರೆ, ಇಬ್ಬರಿಗೂ ಎಲ್ಲವೂ ಅರ್ಥವಾಗಿದೆ.

ಮೀಸೆಯ ನಕಲಿಗಾರ ಯಾರೂ ಇರಲೇ ಇಲ್ಲ.

ಆದರೂ ನನಗೆ ಒಂದು ಎಳೆ ಉಳಿದಿತ್ತು. ಮುಳುಗುವವಳ ಹಾಗೆ ಅದನ್ನು ಹಿಡಿದುಕೊಂಡೆ.

"ಅವರು ಫೋನ್ ಮಾಡಿದ್ದೇ ಕವರ್ ಮೇಲಿನ ಸಾಲು ನೋಡಿ. ಆ ಸಾಲು ಇಲ್ಲದಿದ್ರೆ ಮಾಡ್ತಾನೇ ಇರಲಿಲ್ಲ. ಕವರಿಗೆ ಅದನ್ನ ಹಾಕಿದ್ದು ಯಾರು? ಪ್ರಿಂಟಿಂಗ್ ಪ್ರೆಸ್ಸೋನು ತಾನೇ? ತಪ್ಪು ಬೇರೆ ಇದೆ, ಬಗೇಯ ಅಂತೆ! ಅವನ್ನ ಹಿಡಿದ್ರೆ..."

"ಏಯ್," ಎಂದಳು ಚಿಕ್ಕಮ್ಮ. ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದಳು. "ತಪ್ಪಿದೆಯಾ ಅದರಲ್ಲಿ?"

"ಬಗೆಯ ಅಂತ ಆಗಬೇಕು ಚಿಕ್ಕಮ್ಮ. ಗಿಡ್ಡ ಗೆ."

ಅವಳು ಮೇಜಿನ ಡ್ರಾಯರಿನ ಬಳಿಗೆ ಹೋದಳು. ಒಂದು ಫೈಲು ತೆಗೆದಳು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಧೂಳು ಕೂರದಂತೆ. ಒಳಗೆ ಒಂದೇ ಕಾಗದ. ಅರ್ಜಿಯ ಪ್ರತಿ. ಎರಡು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಟೈಪ್ ಮಾಡಿದ ಮೊದಲ ಅರ್ಜಿ. ಸರಕಿನ ವಿವರಣೆ ಎಂಬ ಖಾನೆಯ ಮುಂದೆ ನನ್ನದೇ ಅವಸರದ ಬೆರಳುಗಳು ಒತ್ತಿದ ಅಕ್ಷರಗಳು.

ಎಲ್ಲ ಬಗೇಯ ಬತ್ತಿ.

"ನೀನು ಬರ್ದಿದ್ದಲ್ವಾ," ಎಂದಳು ಚಿಕ್ಕಮ್ಮ. "ಪ್ರೆಸ್ಸೋನು ಇದು ತಪ್ಪಿರಬೇಕು ತಿದ್ಲಾ ಅಂದ. ನಾನೇ ಗದರಿಸ್ದೆ. ನಮ್ಮ ಮಗಳು ಲಾಯರ್ ಆಫೀಸಲ್ಲಿರೋಳು, ಅವಳಿಗಿಂತ ನಿನಗೆ ಜಾಸ್ತಿ ಗೊತ್ತಾ, ಇದ್ದ ಹಾಗೆ ಹಾಕು ಅಂತ. ಸ್ಟೋವ್ ಅಂಗಡಿಗೆ ಮಾದರಿ ಅಂತ ಒಂದು ಕೊಟ್ಟಿದ್ದೆ, ನಿನಗೂ ತೋರಿಸಿ ಖುಷಿ ಪಡಿಸೋಣ ಅಂತಿದ್ದೆ. ಅಷ್ಟರಲ್ಲಿ ಇದು ಆಯ್ತು. ಉಳಿದ ಕವರೆಲ್ಲ ಸುಟ್ಟುಬಿಟ್ಟೆ."

ನಾನು ತೊಟ್ಟಿಯ ಅಂಚಿನ ಮೇಲೆ ಕೂತೆ.

ಅವತ್ತು ಚಿಕ್ಕಮ್ಮ ಕೇಳಿದ್ದಳು, 'ಸ್ಟೋವಿಂದು ಲಾಟೀನಿಂದು ಅಂತ ಬರೀಬೇಕಾ' ಎಂದು. 'ಅಷ್ಟು ಚಿಕ್ಕದಾಗಿ ಯಾಕೆ ಯೋಚಿಸ್ತೀಯಾ, ನಾಳೆ ನೀನು ಏನೇನೋ ಮಾಡಬಹುದು, ಎಲ್ಲ ಬಗೆಯದು ಅಂತ ಹಾಕೋಣ' ಎಂದವಳು ನಾನು. ಎಷ್ಟು ಜಂಬದಿಂದ ಹೇಳಿದ್ದೆ ಎಂಬುದು ಕೂಡ ನೆನಪಿದೆ. ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದ್ದೆ.

"ಅಳಬೇಡ ಕಣೇ," ಎಂದಳು ಚಿಕ್ಕಮ್ಮ, ತಾನೇ ಅಳುತ್ತಾ. "ಬುತ್ತೀಲಿ ನಿನಗೂ ಸೇರಿಸಿ ತಂದಿದೀನಿ. ಬಾ, ಒಂದು ತುತ್ತು ತಿನ್ನು."

* * *

ಆಫೀಸು ತಲುಪಿದಾಗ ಮೂರೂವರೆ. ನಮ್ಮ ವಕೀಲರು ಕಿಟಕಿಯ ಬಳಿ ನಿಂತು ಯಾರದೋ ಕರಾರಿನಲ್ಲಿ ಒಂದು ಅಲ್ಪವಿರಾಮ ಹೊಡೆದುಹಾಕುತ್ತಿದ್ದರು. ಅದಕ್ಕೇ ಅವರು ಕಾಮಾ ಸರ್. ಅವರ ಹಿಂದೆ ಎಲ್ಲರೂ ಹಾಗೇ ಕರೆಯುತ್ತಾರೆ, ಅವರಿಗೂ ಗೊತ್ತು.

ಎಲ್ಲವನ್ನೂ ಹೇಳಿದೆ. ಚಟಪಟ ಎಂದು ಹೇಳಲಿಲ್ಲ. ನಿಂತು ನಿಂತು ಹೇಳಿದೆ. ಮುಗಿದ ಮೇಲೆ ಪೆನ್ನಿನ ಕ್ಯಾಪು ಹಾಕಿದರು.

"ಅರ್ಜಿ ಕಳಿಸೋ ಮುಂಚೆ ನಾನೂ ಸಹಿ ಹಾಕಿದೀನಮ್ಮ," ಎಂದರು. "ಅವತ್ತು ಓದಲಿಲ್ಲ. ಬತ್ತಿ ತಾನೇ, ಅದರಲ್ಲಿ ಓದೋದೇನು ಅಂದ್ಕೊಂಡೆ."

"ಈಗೇನು ಮಾಡೋದು ಸರ್? ಬೇರೆ ಏನಾದ್ರೂ ದಾರಿ? ಗಾಯದ ಬತ್ತಿ ಅಂತಲೂ ಸೇರಿಸಿ, ಅದಕ್ಕೆ ಬೇರೆ ಎಚ್ಚರಿಕೆ ಬರೆದು..."

"ಆಗಲ್ಲ. ಅದು ಬೇರೆ ವರ್ಗದ ಸರಕು. ವಿವರಣೆನ ಸ್ಪಷ್ಟ ಮಾಡುವಾಗ ಕಿರಿದು ಮಾಡಬಹುದು, ಹಿಗ್ಗಿಸೋ ಹಾಗಿಲ್ಲ. ಅದೂ ಅಲ್ದೆ, ಮಾಡದೇ ಇರೋ ಮಾಲನ್ನ ಮಾಡ್ತೀವಿ ಅಂತ ಬರೆಯೋಕೆ ನಾನು ಬಿಡಲ್ಲ."

"ಉತ್ತರಾನೇ ಕೊಡದಿದ್ರೆ?"

"ಅರ್ಜಿ ಬಿಟ್ಟುಕೊಟ್ಟ ಹಾಗೆ. ಗುರುತು ಹೋಗುತ್ತೆ. ಹಳೇ ಅರ್ಜಿ ಮಾತ್ರ ಅಲ್ಲೇ ಇರುತ್ತೆ, 'ಎಲ್ಲ ಬಗೆಯ' ಅಂತ. ಇನ್‌ಸ್ಪೆಕ್ಟರ್ ನಾಳೆ ಅದನ್ನೇ ತರಿಸ್ಕೊತಾರೆ. ಇವತ್ತಲ್ಲ ಅಂದ್ರೆ ನಾಳೆ ನಿಮ್ಮ ಚಿಕ್ಕಮ್ಮನ ಬಾಗಿಲಿಗೆ ಜೀಪು."

"ಹಾಗಾದ್ರೆ?"

"ಬರೆದುಕೋ." ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಒಂದನೇ ಪ್ರಶ್ನೆಗೆ: ಸ್ಟೋವ್ ಮತ್ತು ಲಾಟೀನುಗಳಲ್ಲಿ ಉರಿಸಲು ಮಾತ್ರ ಬಳಸುವ ಹತ್ತಿಯ ಬತ್ತಿ. ಆ 'ಮಾತ್ರ' ಬಿಡಬೇಡ. ಇದು ನಿಜ. ಇದರಲ್ಲಿ ಯಾರಿಗೂ ಮೋಸ ಇಲ್ಲ."

ಬರೆದೆ. ಒಂದೊಂದೇ ಅಕ್ಷರ ನೋಡಿಕೊಂಡು ಬರೆದೆ.

"ಎರಡನೇದಕ್ಕೆ ಸರ್?"

ಅವರು ಕಣ್ಣು ತೆರೆಯಲಿಲ್ಲ. "ಅದು ಹೌದು ಅಥವಾ ಇಲ್ಲ. ಎರಡೂ ನಿನಗೆ ಗೊತ್ತಿರೋ ಪದಾನೇ."

"ನೀವು ಹೇಳಿ ಸರ್."

"ನಾನು ಕವರ್ ನೋಡಿಲ್ಲಮ್ಮ," ಎಂದರು ಕಾಮಾ ಸರ್. ಎದ್ದು, ಬಾಗಿಲಲ್ಲಿ ನಿಂತು, ಹಿಂತಿರುಗಿ ನೋಡದೆ ಸೇರಿಸಿದರು: "ನೀನು ಅದನ್ನ ನನಗೆ ತೋರಿಸೋದೂ ಬೇಡ."

ಮೇಜಿನ ಮೇಲೆ ಕಾಗದ. ಒಂದನೇ ಉತ್ತರ ತುಂಬಿದೆ, ಎರಡನೆಯದು ಖಾಲಿ. ನಾಲ್ಕು ಗಂಟೆ. ನಾಲ್ಕು ಹತ್ತು.

ನಾನು ಲೆಕ್ಕ ಹಾಕಿದೆ. 'ಇಲ್ಲ' ಎಂದು ಬರೆದರೆ ಕವರು ನಕಲಿ. ಎಲ್ಲೂ ಇಲ್ಲದ ಒಬ್ಬ ನಕಲಿಗಾರ ತಲೆತಪ್ಪಿಸಿಕೊಂಡಿರುತ್ತಾನೆ. ಪೊಲೀಸರು ಒಂದಷ್ಟು ದಿನ ಹುಡುಕಿ ಬಿಡುತ್ತಾರೆ. ಇಲ್ಲದವನನ್ನು ಯಾರೂ ಹಿಡಿಯಲಾರರು, ಯಾರಿಗೂ ನೋವಿಲ್ಲ. ದರ್ಜಿಯ ಕಾಲು? ನಾನು ಏನು ಬರೆದರೂ ಅದು ಇದ್ದ ಹಾಗೇ ಇರುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಿದ್ದು ನಿಜ, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಪೆನ್ನು ತೆಗೆದೆ. 'ಇ' ಎಂದು ಬರೆದೆ.

ಫೋನು ಹೊಡೆಯಿತು.

"ಏನಮ್ಮಾ, ಸ್ಟೇಷನ್ನಿಂದ ಮಾತಾಡ್ತಿರೋದು." ಇನ್‌ಸ್ಪೆಕ್ಟರರ ದನಿಯಲ್ಲಿ ಹಬ್ಬದ ಖುಷಿ. "ನಿಮ್ಮ ಕೆಲಸ ಹಗುರ ಆಯ್ತು. ಕೇಸ್ ಮುಗೀತು."

"ಮುಗೀತಾ? ಹೇಗೆ ಸರ್?"

"ಆ ಸ್ಟೋರ್ ಕೀಪರ್ ಒಪ್ಕೊಂಡ. ಅದು ಲಾಟೀನು ಬತ್ತಿ ಅಂತ ಅವನಿಗೆ ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೇ ತಂದು ಒಳ್ಳೇ ಮಾಲಿನ ಜೊತೆ ಬೆರೆಸಿಟ್ಟನಂತೆ. ಆ ಕವರೂ ತಾನೇ ಎಲ್ಲೋ ಮಾಡಿಸಿದ್ದು ಅಂತಾನೆ. ಎಲ್ಲಿ ಅಂದ್ರೆ ಹೇಳ್ತಿಲ್ಲ, ಹೇಳಿಸ್ತೀನಿ."

ಬೆಳಿಗ್ಗೆ ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ 'ದೀರ್ಘ ಹಾಕಿದಾರೆ' ಎಂದ ಮನುಷ್ಯ.

"ಅವರು ಹಾಗನ್ನೋಕೆ ಸಾಧ್ಯಾನೇ ಇಲ್ಲ ಸರ್! ನಾನು ಬೆಳಿಗ್ಗೆ ಅವರ ಜೊತೇನೇ ಇದ್ದೆ. ಅವರಿಗೆ ಏನೂ ಗೊತ್ತಿಲ್ಲ. ನೀವೇನು ಕೇಳಿದ್ರಿ ಅವರನ್ನ?"

"ಏನು ಕೇಳೋದು? ಸೀದಾ ಮಾತು. ನಿನಗೆ ಗೊತ್ತಿರಲಿಲ್ಲ ಅಂದ್ರೆ, ಕೈಯಾರೆ ಗಾಯಕ್ಕೆ ಇಟ್ಟೋಳಿಗೆ ಗೊತ್ತಿರಬೇಕು, ನಿನ್ನ ತಂಗೀನ ಒಳಗೆ ಹಾಕ್ತೀನಿ ಅಂದೆ. ಅಷ್ಟಕ್ಕೇ ನನಗೆ ಗೊತ್ತಿತ್ತು ಅಂದ." ಆ ಕಡೆ ಯಾರೋ ಕಾಗದ ಮಗುಚಿದ ಸದ್ದು. "ನನಗೆ ಇನ್ನೊಂದೇ ಒಂದು ಸಾಲು ಬೇಕು. ಆ ಕವರು ನಿಮ್ಮ ಚಿಕ್ಕಮ್ಮನದಲ್ಲ ಅಂತ ನಿಮ್ಮ ಉತ್ತರದಲ್ಲಿ ಬಂತು ಅಂದ್ರೆ ಇವನ ಹೇಳಿಕೆಗೆ ಸರ್ಕಾರಿ ಸಾಕ್ಷಿ ಆಯ್ತು. ಐದಕ್ಕೆ ಕೌಂಟರ್ ಹತ್ರಾನೇ ನಮ್ಮ ಹುಡುಗ ನಿಂತಿರ್ತಾನೆ, ಪ್ರತಿ ಅವನ ಕೈಗೇ ಕೊಟ್ಬಿಡಿ."

"ಸರ್, ಒಂದು ನಿಮಿಷ..."

ಇಟ್ಟುಬಿಟ್ಟರು.

ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ. ಎಂಟು ಸಲ ಹೊಡೆದ ಮೇಲೆ ಎತ್ತಿದ್ದು ಅವರ ತಂಗಿ. ನಾನು ಯಾರೆಂದು ಹೇಳಿದ ತಕ್ಷಣ ಆಕೆ ಕೇಳಿದ್ದು ಒಂದೇ: "ಕಳ್ಳ ಸಿಕ್ಕಿದ್ನಾ? ಅಣ್ಣನ್ನ ಮಧ್ಯಾಹ್ನಾನೇ ಜೀಪಲ್ಲಿ ಕರ್ಕೊಂಡ್ಹೋದ್ರು. ಹೋಗುವಾಗ, ಆ ಹುಡುಗಿ ಕಳ್ಳನ್ನ ಹಿಡೀತಾಳೆ, ನೀನು ಹೆದರಬೇಡ ಅಂದ. ಸಿಕ್ಕಿದ್ನಲ್ವಾ?"

"ಅಕ್ಕಾ..." ಎಂದೆ. ಫೋನ್ ಕೆಳಗಿಟ್ಟೆ.

ಕಾರ್ಖಾನೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. 'ಬತ್ತಿ' ಎನ್ನಲಿಲ್ಲ. ಮೊದಲ ಸಲ ಚಿಕ್ಕಮ್ಮ "ಹಲೋ" ಎಂದಳು, ಹೆದರಿ ಹೆದರಿ, ಯಾರದೋ ಮನೆಗೆ ಬಂದವಳ ಹಾಗೆ. ನಾನು ಸ್ಟೋರ್ ಕೀಪರ್ ಅಣ್ಣನ ವಿಷಯ ಹೇಳಿದೆ.

"ನಾನು ಏನೂ ಹೇಳಲ್ಲ ಕಣೇ," ಎಂದಳು. "ಹೌದು ಅಂತ ಬರಿ ಅನ್ನೋಕೆ ನನಗೆ ಧೈರ್ಯ ಇಲ್ಲ. ಇಲ್ಲ ಅಂತ ಬರಿ ಅನ್ನೋಕೆ ಬಾಯಿ ಬರಲ್ಲ. ನೀನೇ ಏನಾದ್ರೂ ಮಾಡು. ನೀನು ಏನು ಬರೆದ್ರೂ ನಾನು ಸಹಿ ಹಾಕ್ತೀನಿ."

ನಾಲ್ಕು ಮೂವತ್ತೆಂಟು. ಕೌಂಟರಿಗೆ ನಡೆದರೆ ಹದಿನೈದು ನಿಮಿಷ, ಓಡಿದರೆ ಹತ್ತು. ದಾರಿಯಲ್ಲಿ ಕಾರ್ಖಾನೆಯ ತಿರುವಿನಲ್ಲಿ ಚಿಕ್ಕಮ್ಮ ಪೆನ್ನು ಹಿಡಿದು ನಿಂತಿರುತ್ತಾಳೆ. ಆಚೆ ಕೌಂಟರಿನ ಬಳಿ ಒಬ್ಬ ಪೊಲೀಸು ಕೈ ಚಾಚಿಕೊಂಡು ನಿಂತಿರುತ್ತಾನೆ. ನನ್ನ ಮುಂದೆ ಕಾಗದ, ಅದರ ಮೇಲೆ ಒಂಟಿ 'ಇ'. ಅದನ್ನು ಮುಂದುವರಿಸಿದರೆ ಒಬ್ಬ ಅಣ್ಣ ಮಾಡದ ತಪ್ಪಿಗೆ ಜೈಲಿಗೆ. ಹೊಡೆದುಹಾಕಿ 'ಹೌದು' ಎಂದರೆ, ನನ್ನ ಮಾತು ನಂಬಿ ನನ್ನ ತಪ್ಪನ್ನೂ ತಿದ್ದಲು ಬಿಡದ ಚಿಕ್ಕಮ್ಮ ಜೈಲಿಗೆ. ಆ ಸಾಲು ಬರೆದವಳ ಹೆಸರು ಕೇಳುವ ಖಾನೆ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಎರಡು ಸಲ ಹುಡುಕಿದೆ.

ನಾನು ಪೆನ್ನು ಹಿಡಿದುಕೊಂಡೇ ಮೆಟ್ಟಿಲಿಳಿಯುತ್ತಿದ್ದೇನೆ. ಹೇಳಿ, ಈ ಕಾಗದ ನಿಮ್ಮ ಕೈಯಲ್ಲಿದ್ದರೆ ಆ 'ಇ'ಯನ್ನು ನೀವು ಏನು ಮಾಡುತ್ತಿದ್ದಿರಿ?